ಬದಲಿಗೆ ಒಬ್ಬ ಮಾಸ್ಟ್ರು

“ನಿನ್ನ ಕಾಗದ ನಂಬಿ ನಾನು ಊರಿನ ಬೋರ್ಡು ಶಾಲೆಯ ಖಾಯಂ ಕೆಲಸ ಬಿಟ್ಟೆ ಮಾರಾಯ.”

ಅರವತ್ತೊಂದನೇ ಇಸವಿಯ ಬೇಸಿಗೆ. ಮೂಡಬಿದಿರೆಯಲ್ಲಿ ಬಂಟ್ವಾಳದ ಬಸ್ಸಿಗೆ ಕಾಯುತ್ತಿದ್ದ ಶಶಿಪ್ರಭಾ ಟೀಚರ್ ಆ ಮಾತಿಗೆ ತಲೆಯೆತ್ತಿದರು. ಪಕ್ಕದ ಬೆಂಚಿನಲ್ಲಿ ಇಬ್ಬರಿದ್ದರು. ಮಾತಾಡಿದವನು ಆಗಷ್ಟೇ ಮಂಗಳೂರು ಬಸ್ಸಿನಿಂದ ಇಳಿದಿದ್ದ.

“ಸಂಕಪ್ಪ, ನನ್ನ ಪಾಸ್‌ಪೋರ್ಟ್ ನೈರೋಬಿಯ ಆ ಶಾಲೆಯ ಮ್ಯಾನೇಜರನ ಕಪಾಟಿನಲ್ಲಿತ್ತು. ಬದಲಿಗೆ ಒಬ್ಬ ಮಾಸ್ಟ್ರನ್ನು ಕರೆಸಿದರೆ ಮಾತ್ರ ಬಿಡ್ತೇನೆ ಅಂದ.”

“ಅದಕ್ಕೆ ನೈರೋಬಿ ಸ್ವರ್ಗ ಅಂತ ಬರೆದೆಯಾ, ಚಿನ್ನಯ್ಯ? ಹಗಲು ಏಳು ಕ್ಲಾಸು, ಸಂಜೆ ಬೋರ್ಡಿಂಗ್ ಮಕ್ಕಳ ಕಾವಲು. ಜ್ವರ ಬಂದರೂ ರಜೆ ಇಲ್ಲ. ಇದೊಂದನ್ನೂ ನೀನು ಬರೆಯಲಿಲ್ಲ.”

“ಬರೆದಿದ್ದರೆ ನೀನು ಬರ್ತಿದ್ದೆಯಾ?”

ಸಂಕಪ್ಪ ತನ್ನ ಟ್ರಂಕನ್ನು ಕಾಲ ಬಳಿಗೆ ಎಳೆದುಕೊಂಡ.

“ನಾನು ಅಲ್ಲಿ ಇಳಿದ ಮೂರನೇ ದಿನ ನೀನು ಊರಿಗೆ ಹೊರಟೆ. ನನ್ನ ಕೈ ಹಿಡಿದು, ಸುಖವಾಗಿರು ಅಂದೆ.”

“ತಪ್ಪಾಯಿತು. ಮತ್ತೆ ನಿನ್ನನ್ನು ಹೇಗೆ ಬಿಟ್ಟರು? ಯಾರನ್ನು ಕರೆಸಿದೆ?”

“ನನ್ನ ಮುಂದೆಯೂ ಕಾಗದ, ಪೆನ್ನು ಇಟ್ಟರು. ನಿನ್ನ ತಮ್ಮ ಟ್ರೈನಿಂಗ್ ಮುಗಿಸಿ ಕೆಲಸ ಹುಡುಕುವುದು ನನಗೆ ಗೊತ್ತಿತ್ತು. ಅವನಿಗೇ ಬರೆದೆ.”

“ಅಯ್ಯೋ ದೇವರೇ! ಕಳಿಸಿದೆಯಾ?”

“ಇಲ್ಲ, ಹರಿದು ಹಾಕಿದೆ. ಅದಕ್ಕೇ ಕರಾರು ಮುಗಿಯುವವರೆಗೆ, ಇನ್ನೂ ಎರಡು ವರ್ಷ, ಅಲ್ಲೇ ಇರಬೇಕಾಯಿತು.”

ಸಂಕಪ್ಪನ ಊರಿಗೆ ಹೋಗುವ ನಾರಾವಿಯ ಬಸ್ಸು ಬಂತು.

“ತಡೆ, ಟ್ರಂಕು ನಾನು ಹತ್ತಿಸ್ತೇನೆ,” ಎಂದು ಚಿನ್ನಯ್ಯ ಬಗ್ಗಿದ.

“ಮುಟ್ಟಬೇಡ.”

ಸಂಕಪ್ಪ ತಾನೇ ಅದನ್ನು ಹೆಗಲಿಗೇರಿಸಿ ಬಸ್ಸು ಹತ್ತಿದ. ಬಸ್ಸು ತಿರುವು ದಾಟುವವರೆಗೆ ನೋಡುತ್ತ ನಿಂತ ಚಿನ್ನಯ್ಯ, ಆಮೇಲೆ ತಲೆ ತಗ್ಗಿಸಿ ಪೇಟೆಯ ಕಡೆ ನಡೆದುಹೋದ.