ಎಲುಬಿನ ಕಾಗದಕ್ಕೆ ಸೇರದ ಮಾತು

ರಾಹೇಲ್, ತಂದೆ ಕುಂಞಚ್ಚನ್, ವಯಸ್ಸು ಇಪ್ಪತ್ತಮೂರು, ಕಸುಬು ಟೈಪಿಸ್ಟ್, ಹಾಲಿ ವಾಸ ಪುತ್ತೂರು ದರ್ಬೆಯಲ್ಲಿ ದೇವಕಿ ಎಂಬವರ ಮನೆಯ ಹಿಂದಿನ ಕೋಣೆ, ತಂದೆಯ ಮನೆ ಕಡಬದ ಹತ್ತಿರ, ಆದ ನಾನು ತಿಳಿಯಪಡಿಸುವುದು ಏನೆಂದರೆ, ಈ ದಿನ ನಾನು ಈ ಠಾಣೆಯ ಮೆಟ್ಟಿಲು ಹತ್ತಿದ್ದು ಇದು ಮೂರನೆಯ ಸಲ. ಬೆಳಿಗ್ಗೆ ಬಂದಾಗ ಬಾಗಿಲಲ್ಲಿದ್ದ ಪೇದೆಯವರು, ಡಾಕ್ಟ್ರ ಕಾಗದ ಫೈಲಿಗೆ ಸೇರಿಯಾಗಿದೆ, ಇನ್ನು ಟೈಪ್ ಮಾಡಿದವರದ್ದು ಎಂತ ಹೇಳಿಕೆ, ನಾಳೆ ಕಾಗದ ಮಾರಿದ ಅಂಗಡಿಯವನೂ ಬರ್ತಾನಾ ಎಂದು ಕೇಳಿ ಹಿಂದೆ ಕಳುಹಿಸಿದರು. ಮಧ್ಯಾಹ್ನ ಬಂದಾಗ ಸಬ್ ಇನ್ಸ್‌ಪೆಕ್ಟರು ಉಪ್ಪಿನಂಗಡಿಗೆ ಹೋಗಿದ್ದರು. ನಡುವೆ ಡಾಕ್ಟರ ಕ್ಲಿನಿಕ್ಕಿಗೂ, ಮಧ್ಯಾಹ್ನದ ಮೇಲೆ ಪೋಸ್ಟಾಫೀಸಿಗೂ ಹೋಗಿ ಟ್ರಂಕ್ ಕಾಲಿಗೆ ಕಾದು, ಚಪ್ಪಲಿಯ ಬಾರು ಕಿತ್ತು ಹೋಗಿ, ಈಗ ಬರಿಗಾಲಲ್ಲಿ ಬಂದಿರುತ್ತೇನೆ. ಜೊತೆಗೆ ದೇವಕಿಯವರು ಬಂದಿದ್ದು ಹೊರಗೆ ಬೆಂಚಿನಲ್ಲಿ ಕುಳಿತಿರುತ್ತಾರೆ.

ನಾನು ಹುಟ್ಟಿದ್ದು ಕೇರಳದಲ್ಲಿ. ನನಗೆ ನಾಲ್ಕು ವರ್ಷವಾದಾಗ ನಮ್ಮವರು ಕಡಬಕ್ಕೆ ಬಂದು ರಬ್ಬರ್ ಹಾಕಿದರು. ನಾನು ಮೂರು ವರ್ಷಗಳಿಂದ ಪುತ್ತೂರಿನಲ್ಲಿ ತ್ಯಾಂಪಣ್ಣ ಮಾಸ್ಟ್ರ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸಕ್ಕಿದ್ದೇನೆ. ಬೆಳಿಗ್ಗೆ ಮಕ್ಕಳಿಗೆ ಟೈಪಿಂಗ್ ಕಲಿಸುವುದು, ಉಳಿದ ಹೊತ್ತಿನಲ್ಲಿ ಹೊರಗಿನ ಟೈಪಿಂಗ್. ಇದರಲ್ಲಿ ಹೆಚ್ಚಿನದು ಇಬ್ಬರು ಡಾಕ್ಟರುಗಳದ್ದು. ಒಬ್ಬರು ದರ್ಬೆಯ ಡಾಕ್ಟ್ರು, ಇನ್ನೊಬ್ಬರು ಬಸ್‌ಸ್ಟ್ಯಾಂಡಿನ ಹತ್ತಿರದ ಎಲುಬಿನ ಡಾಕ್ಟ್ರು. ಇಬ್ಬರ ಹತ್ತಿರವೂ ಗಲ್ಫಿನಿಂದ ತರಿಸಿದ ಟೇಪ್ ರೆಕಾರ್ಡರ್ ಉಂಟು. ರೋಗಿಯನ್ನು ನೋಡುತ್ತಲೇ ಅದಕ್ಕೆ ಮಾತಾಡುತ್ತಾರೆ. ಮರುದಿನ ಕಂಪೌಂಡರು ಕ್ಯಾಸೆಟ್ ತಂದು ಕೊಡುತ್ತಾರೆ. ನಾನು ಕೇಳಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕೊಡುತ್ತೇನೆ.

ಇಬ್ಬರ ಕ್ರಮ ಒಂದೇ ಅಲ್ಲ. ದರ್ಬೆ ಡಾಕ್ಟ್ರಿಗೆ ರೋಗಿ ಏನು ಹೇಳಿದನೋ ಅದು ಮೊದಲ ಸಾಲಿನಲ್ಲಿ, ಅವನದೇ ಮಾತಿನಲ್ಲಿ ಬರಬೇಕು. ಹೊಟ್ಟೆಯೊಳಗೆ ಬೆಕ್ಕು ಮಗುಚಿದ ಹಾಗೆ ಆಗುತ್ತದೆ ಎಂದರೆ ಬೆಕ್ಕನ್ನೇ ಟೈಪ್ ಮಾಡಬೇಕು. ಮದ್ದಿನ ಹೆಸರು ದೊಡ್ಡ ಅಕ್ಷರದಲ್ಲಿ, ಎರಡು ಸಾಲಿನ ನಡುವೆ ಒಂದು ಸಾಲಿನ ಜಾಗ. ಕ್ಯಾಸೆಟ್ಟನ್ನು ಅವರು ಒಂದು ವರ್ಷ ತೆಗೆದಿಡುತ್ತಾರೆ. ಎಲುಬಿನ ಡಾಕ್ಟ್ರದ್ದು ಅರ್ಧ ಪುಟ ಮಾತ್ರ. ಯಾವ ಎಲುಬು, ಎಲ್ಲಿ ಮುರಿದಿದೆ, ಏನು ಕಟ್ಟಿದೆ, ಕರೆತಂದವರು ಯಾರು, ಅಷ್ಟೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅವರ ಕಾಗದವನ್ನೂ ದರ್ಬೆಯವರ ಕ್ರಮದಲ್ಲಿ ಟೈಪ್ ಮಾಡಿ, ಮರದಿಂದ ಬಿದ್ದ ಹೆಂಗಸು ಹೇಳಿದ್ದನ್ನೆಲ್ಲ ಸೇರಿಸಿದ್ದೆ. ಅವರು ಅದನ್ನು ನನ್ನ ಎದುರೇ ಹರಿದು, ಇದು ಎಂತ ಹೆಣ್ಣೇ, ಯಕ್ಷಗಾನ ಪ್ರಸಂಗವಾ, ರೋಗಿಯ ಕಥೆ ನನಗೆ ಬೇಡ, ಎಲುಬಿನ ಕಥೆ ಸಾಕು ಎಂದಿದ್ದರು. ಆವತ್ತಿನಿಂದ ಅವರ ಕ್ಯಾಸೆಟ್ಟಿನಲ್ಲಿ ರೋಗಿಯ ಸ್ವರ ಬಂದ ಕೂಡಲೇ ನನ್ನ ಕೈ ತಾನಾಗಿ ನಿಲ್ಲುತ್ತದೆ, ಡಾಕ್ಟ್ರ ಸ್ವರ ಬಂದ ಮೇಲೆ ಮುಂದೆ ಹೋಗುತ್ತದೆ. ಇದರಲ್ಲಿ ನನಗೆ ಹೆಮ್ಮೆಯೂ ಇತ್ತು. ರಾಹೇಲಳಿಗೆ ಯಾವ ಡಾಕ್ಟ್ರಿಗೆ ಎಂತ ಬೇಕು ಅಂತ ಹೇಳುದೇ ಬೇಡ ಎಂದು ತ್ಯಾಂಪಣ್ಣ ಮಾಸ್ಟ್ರು ಬಂದವರ ಹತ್ತಿರವೆಲ್ಲ ಹೇಳುತ್ತಿದ್ದರು.

ಕಳೆದ ಮಂಗಳವಾರ, ದಿನಾಂಕ 6-3-1984ರಂದು ಬೆಳಿಗ್ಗೆ, ಎಲುಬಿನ ಡಾಕ್ಟ್ರ ಹಿಂದಿನ ದಿನದ ಕ್ಯಾಸೆಟ್ ಬಂತು. ಅದರಲ್ಲಿ ಸುಳ್ಯ ಕಡೆಯ ಕೂಸಪ್ಪ ಎಂಬ ಐವತ್ತು ವರ್ಷದವರ ವಿಷಯ ಇತ್ತು. ಸೋಮವಾರ ಸಂಜೆ ಕುಂಬ್ರದಿಂದ ಆಚೆ ಮಾರ್ಗದ ಬದಿಯಲ್ಲಿ ನಡೆದು ಹೋಗುವಾಗ ವಾಹನ ಬಡಿದು ಬಲತೊಡೆಯ ಎಲುಬು ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಅವರನ್ನು ಕ್ಲಿನಿಕ್ಕಿಗೆ ತಂದವರು ಸುಳ್ಯ ಪುತ್ತೂರು ನಡುವೆ ಸರ್ವಿಸ್ ಜೀಪು ಓಡಿಸುವ ಆದಂ ಕುಂಞಿ. ಡಾಕ್ಟ್ರು ಕಟ್ಟು ಹಾಕುತ್ತಾ ಮಾತಾಡುತ್ತಿದ್ದರು, ಟೇಪ್ ಓಡುತ್ತಿತ್ತು. ಹಿಂದೆ ಸ್ಟೌವಿನ ಸದ್ದು, ಎಲ್ಲಿಯೋ ಮಗು ಅಳುವುದು ಕೇಳುತ್ತಿತ್ತು. ತೊಡೆಯ ಎಲುಬಿನ ವಿಷಯ ಮುಗಿಯುವ ಮೊದಲು ಗಾಯಾಳುವಿನ ಸ್ವರ ಬಂತು. ಆ ಮಾತು ಸುಳ್ಯ ಕಡೆಯ ಅರೆಭಾಷೆಯಲ್ಲಿತ್ತು. ನಾನು ಕೇಳಿದ್ದು ಇಷ್ಟು:

"ಹೊಡ್ದದ್ ಇಂವ ಅಲ್ಲ ಡಾಕ್ಟ್ರೇ. ಹೊಡ್ದದ್ ಮರದ ಲಾರಿ, ನಿಲ್ಸ್‌ದೆ ಹೋತ್. ಇಂವ ನನ್ನ ಎತ್ತಿಕಂಡ್ ಬಂದಂವ. ಇಂವಂಗೆ ಏನೂ ಹೇಳ್ಬೇಡಿ."

ಅದಕ್ಕೆ ಇನ್ನೊಬ್ಬ ಗಂಡಸಿನ ಸ್ವರ, ಈಗ ಮಾತು ಬೇಡ ಅಣ್ಣಾ, ಉಸಿರು ಉಳಿಸಿಕೊಳ್ಳಿ, ಲಾರಿಗೆ ಬೈಲಿಕ್ಕೆ ಆಮೇಲೆ ಬೇಕಲ್ಲ ಎಂದಿತು. ಡಾಕ್ಟ್ರು, ಆಯ್ತು ಆಯ್ತು, ಅಲ್ಲಾಡಬೇಡಿ ಎಂದು ಮತ್ತೆ ಎಲುಬಿಗೆ ಹೋದರು.

ನನಗೆ ಅರೆಭಾಷೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಹೇಳುವುದೇನೆಂದರೆ, ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕುಳಿತಿದ್ದ ದಮಯಂತಿಯ ಮನೆಮಾತು ಅದು. ನನಗೆ ಕನ್ನಡ ಬರುವ ಮೊದಲೇ ಅವಳ ಭಾಷೆ ಬಂದಿತ್ತು. ಹಾಗಾಗಿ ಆ ಮಾತು ಅರ್ಥವಾಗದೆ ಬಿಟ್ಟದ್ದಲ್ಲ. ಅರ್ಥವಾಗಿಯೇ ಬಿಟ್ಟದ್ದು. ಕೈ ನಿಂತಿತು, ಡಾಕ್ಟ್ರ ಸ್ವರ ಬಂದ ಮೇಲೆ ಮುಂದೆ ಹೋಯಿತು. ಕೊನೆಯ ಸಾಲಿನಲ್ಲಿ ಕರೆತಂದವರು ಆದಂ ಕುಂಞಿ, ಜೀಪು ಚಾಲಕ ಎಂದು ಟೈಪ್ ಮಾಡಿದೆ. ಬಿಡಬೇಕು ಎಂದು ನನಗೆ ಆ ದಿನ ಯಾರೂ ಹೇಳಲಿಲ್ಲ. ಸೇರಿಸಬೇಕಾ ಎಂದು ನಾನು ಯಾರನ್ನೂ ಕೇಳಲಿಲ್ಲ. ಒಂದು ಪ್ರತಿ ಗಾಯಾಳುವನ್ನು ಕಳುಹಿಸಿದ್ದ ಮಂಗಳೂರಿನ ಆಸ್ಪತ್ರೆಗೆ, ಒಂದು ಪ್ರತಿ ಈ ಠಾಣೆಗೆ ಹೋಯಿತು. ಕ್ಯಾಸೆಟ್ ಸಂಜೆಯೇ ವಾಪಸ್ಸು ಹೋಯಿತು.

ಈ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ನಮ್ಮ ಇನ್‌ಸ್ಟಿಟ್ಯೂಟಿನ ಕೆಳಗಿನ ಮದ್ದಿನ ಅಂಗಡಿಯ ರವೂಫರು ನನ್ನನ್ನು ಕರೆದು, ವಿಷಯ ಗೊತ್ತುಂಟಾ ರಾಹೇಲ್, ನಮ್ಮ ಆದಂ ಕಾಕನನ್ನು ನಿನ್ನೆ ಸ್ಟೇಷನ್ನಿಗೆ ಕರ್ಕೊಂಡು ಹೋದವರು ಬಿಡಲೇ ಇಲ್ಲ, ಆ ಸುಳ್ಯದವರಿಗೆ ಹೊಡೆದದ್ದು ಅವರ ಜೀಪೇ ಅಂತೆ ಎಂದರು. ಜೀಪಿನ ಎಡಬದಿಯ ದೀಪ ಒಡೆದಿತ್ತು, ಹಿಂದಿನ ಸೀಟಿನಲ್ಲಿ ರಕ್ತ ಇತ್ತು, ಡಾಕ್ಟ್ರ ಕಾಗದದಲ್ಲಿ ಬೇರೆ ಯಾವ ವಾಹನದ ಸುದ್ದಿಯೂ ಇರಲಿಲ್ಲ ಎಂದೂ ಹೇಳಿದರು. ದೀಪ ಒಡೆದದ್ದು ಶಿವರಾತ್ರಿಗೆ ಮೊದಲೇ, ಅದು ಪುತ್ತೂರಿಗೆಲ್ಲ ಗೊತ್ತುಂಟು, ಸರಿಮಾಡಿಸಿ ಕಾಕಾ ಎಂದರೆ ಒಂದು ಕಣ್ಣಲ್ಲಿ ನಿನಗಿಂತ ಚಂದ ಕಾಣ್ತದೆ ಅಂತಿದ್ದರು ಎಂದು ರವೂಫರು ಹೇಳಿದರು. ಮೇಲೆ ಹೋಗದೆ ನೇರ ಇಲ್ಲಿಗೆ ಬಂದೆ.

ಬೆಳಿಗ್ಗೆ ಹಿಂದೆ ಕಳುಹಿಸಿದ ಮೇಲೆ ಎಲುಬಿನ ಡಾಕ್ಟ್ರ ಹತ್ತಿರ ಹೋಗಿ ಕ್ಯಾಸೆಟ್ ಕೇಳಿದೆ. ಅವರ ಹತ್ತಿರ ಇರುವುದು ಎರಡೇ ಕ್ಯಾಸೆಟ್. ಸೋಮವಾರದ್ದರ ಮೇಲೆ ಬುಧವಾರದ್ದು ತುಂಬಿಸಿಯಾಗಿತ್ತು. ಆದರೂ ಅವರು ರೋಗಿಗಳನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿ, ನನ್ನನ್ನು ಕೂರಿಸಿ ಆ ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಹಾಕಿ ಕೇಳಿಸಿದರು. ಕೈ ಮುರಿದ ಮಕ್ಕಳು, ಸೊಂಟ ನೋವಿನವರು, ಮತ್ತೆ ಬರೀ ಸದ್ದು. ಗಾಯಾಳು ಹೀಗೆ ಹೇಳಿದ್ದು ನೆನಪುಂಟಾ ಎಂದು ಕೇಳಿದೆ. ಅವರು, ಸುಳ್ಳು ಹೇಳಲಿಕ್ಕೆ ಆಗುದಿಲ್ಲ ರಾಹೇಲ್, ಎಲುಬು ನೆನಪುಂಟು, ಮಾತು ನೆನಪಿಲ್ಲ, ಏನೋ ಹೇಳಿದ್ದು ಹೌದು, ನಾನು ಕೇಳಿಸಿಕೊಳ್ಳಲಿಲ್ಲ ಎಂದರು. ನಾನು ಏಳುವಾಗ, ಆವತ್ತು ನಾನು ಆ ಕಾಗದ ಹರಿಯಬಾರದಿತ್ತು ಎಂದೂ ಹೇಳಿದರು. ಅವರನ್ನು ದೂರಲು ನಾನು ಬಂದಿಲ್ಲ. ಅವರಿಗೆ ಅವರ ಕ್ರಮ ಇತ್ತು. ಅದು ಎಲುಬಿಗೆ ಸಾಕಿತ್ತು.

ಮಧ್ಯಾಹ್ನ ಎರಡನೆಯ ಸಲ ಬಂದು ಇದೇ ಠಾಣೆಯ ಜಗಲಿಯಲ್ಲಿ ಕಾಯುವಾಗ, ಒಳಗೆ ಲಾಕಪ್ಪಿನಲ್ಲಿದ್ದ ಒಬ್ಬರು ಪೇದೆಯವರ ಹತ್ತಿರ ನೀರು ಕೇಳಿದ್ದು ನನ್ನ ಕಿವಿಗೆ ಬಿತ್ತು. ಕ್ಯಾಸೆಟ್ಟಿನಲ್ಲಿ ಉಸಿರು ಉಳಿಸಿಕೊಳ್ಳಿ ಎಂದಿದ್ದ ಸ್ವರ ಅದೇ. ಅದಕ್ಕೆ ಮೊದಲು ನಾನು ಅವರನ್ನು ನೋಡಿದವಳಲ್ಲ, ನಮಗೆ ಯಾವ ಪರಿಚಯವೂ ಇರಲಿಲ್ಲ. ಪೇದೆಯವರ ಅನುಮತಿ ಕೇಳಿ ಹತ್ತಿರ ಹೋಗಿ, ನಿಮ್ಮ ವಿಷಯದ ಕಾಗದ ಟೈಪ್ ಮಾಡಿದ್ದು ನಾನು ಎಂದು ಹೇಳಿದೆ. ಆದಂ ಕುಂಞಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಚಂದ ಮಾಡಿದ್ದೀರಿ ಮಾರಾಯ್ರೆ. ನನ್ನ ಹೆಸರಲ್ಲಿ ಒಂದು ತಪ್ಪಿಲ್ಲ. ಲೈಸೆನ್ಸಲ್ಲಿ ಕೂಡ ಇಷ್ಟು ಸರಿ ಇಲ್ಲ" ಎಂದರು. ಆ ಗಾಯಾಳು ಹೇಳಿದ್ದನ್ನು ನಾನು ಕೇಳಿದ್ದೇನೆ, ಆದರೆ ಹಾಕಲಿಲ್ಲ ಎಂದೆ. ಅವರು ಕಂಬಿಯ ಹತ್ತಿರ ಬಂದರು. ಆಮೇಲೆ, "ನೀವು ಕೇಳಿದ್ದೀರಾ? ಹಾಗಾದ್ರೆ ನಾನೊಬ್ಬನೇ ಕೇಳಿದ್ದಲ್ಲ. ನಿನ್ನೆಯಿಂದ ಇವರು ಕೇಳಿ ಕೇಳಿ, ಅವರು ಹಾಗೆ ಹೇಳಿದ್ದು ಹೌದಾ ಅಲ್ವಾ ಅಂತ ನನಗೇ ಸಂಶಯ ಬಂದಿತ್ತು ತಂಗೀ" ಎಂದರು. ಮತ್ತೆ, "ಇನ್ನು ಮಾರ್ಗದಲ್ಲಿ ಬಿದ್ದವನನ್ನು ಕಂಡ್ರೆ ಹಾರ್ನ್ ಹಾಕಿ ಹೋಗುದೇ" ಎಂದು ಹೇಳಿ, ನೀರು ಕುಡಿದು, "ಹೋಗ್ಲಿಕ್ಕೆ ಆಗುದಿಲ್ಲ, ಅದೇ ಕಷ್ಟ" ಎಂದರು.

ಅಲ್ಲಿಂದ ಪೋಸ್ಟಾಫೀಸಿಗೆ ಹೋಗಿ ಮಂಗಳೂರಿನ ಆಸ್ಪತ್ರೆಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ವಾರ್ಡಿನ ಸಿಸ್ಟರ್ ಅಚ್ಚಾಮ್ಮ ಎಂಬವರು ಸಿಕ್ಕಿದರು. ನಾನು ಮಲಯಾಳದಲ್ಲಿ ಮಾತಾಡಿದ್ದರಿಂದ ಫೋನ್ ಇಡದೆ, ಗಾಯಾಳುವಿನ ಹೆಂಡತಿ ದೇವಮ್ಮ ಎಂಬವರನ್ನು ಕರೆದು ಕೊಟ್ಟರು. ಆಪರೇಷನ್ ಆದ ಮೇಲೆ ಕೂಸಪ್ಪನವರು ಜ್ವರದಲ್ಲಿ ಮಾತಿಲ್ಲದೆ ಇದ್ದರೆಂದೂ, ಈಗ ಜ್ವರ ಇಳ್ದುಟು ಎಂದೂ, ಬೆಳಿಗ್ಗೆ ನೀರು ಕೇಳಿ ಕುಡಿದರೆಂದೂ ದೇವಮ್ಮ ತಿಳಿಸಿದರು. ಮತ್ತೆ ನಾನು ಕೇಳದೆಯೇ, ಯಾರೋ ಜೀಪಿನವ ತಂದು ಸೇರಿಸಿದ ಅಂತ ಹೇಳಿದೊ, ಅಂವಂಗೆ ಒಂದ್ ಗೊನೆ ಕದಳಿ ಕಳ್ಸೊಕು, ಅಂವನ ಮನೆ ಎಲ್ಲಿ ಅಂತ ನಿಮ್ಗೆ ಗೊತ್ತುಟಾ ಎಂದು ಕೇಳಿದರು. ಅವರು ಲಾಕಪ್ಪಿನಲ್ಲಿದ್ದಾರೆಂದು ನಾನು ಹೇಳಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಈ ಹೇಳಿಕೆಯನ್ನು ಬರೆದುಕೊಳ್ಳುತ್ತಿರುವ ರೈಟರ್ ಕುಕ್ಕಪ್ಪನವರು ಮೊದಲು ಕ್ಯಾಸೆಟ್ಟಿನ ಮಾತಿನ ಜಾಗದಲ್ಲಿ, ಗಾಯಾಳುವು ಸದರಿ ಚಾಲಕನ ಪರವಾಗಿ ಮಾತನಾಡಿರುತ್ತಾನೆ ಎಂದು ಬರೆದು ನನಗೆ ಓದಿ ಹೇಳಿದರು. ನಾನು ಒಪ್ಪಲಿಲ್ಲ. ಸಾಹೇಬರಿಗೆ ಇಷ್ಟುದ್ದ ಆಗುದಿಲ್ಲ ತಂಗೀ, ಇಲ್ಲಿಯ ಕ್ರಮ ಹೀಗೆ, ತಾತ್ಪರ್ಯ ಒಂದೇ ಅಲ್ವಾ ಎಂದು ಅವರು ಹೇಳಿದರು. ಕ್ರಮಕ್ಕೆ ಸರಿಯಾಗಿ ಬರೆದೇ ಇಷ್ಟೆಲ್ಲ ಆದದ್ದು, ಆ ಮನುಷ್ಯ ಹೇಳಿದ್ದನ್ನು ಹೇಳಿದ ಹಾಗೆ ಹಾಕಿ, ಮರದ ಲಾರಿಯನ್ನು ಬಿಡಬೇಡಿ ಎಂದು ನಾನು ಕೈ ಮುಗಿದೆ. ಕುಕ್ಕಪ್ಪನವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಆ ಸಾಲನ್ನು ಹೊಡೆದುಹಾಕಿ, ನನ್ನಿಂದ ಎರಡು ಸಲ ಹೇಳಿಸಿ ಅರೆಭಾಷೆಯಲ್ಲಿಯೇ ಬರೆದುಕೊಂಡರು. ಹೊಡೆದುಹಾಕಿದ ಜಾಗದಲ್ಲಿ ಇಬ್ಬರೂ ರುಜು ಹಾಕಿದ್ದೇವೆ.

ನಾನು ಬರುವ ಬುಧವಾರ ನನ್ನ ದೊಡ್ಡಪ್ಪನ ಮಗಳು ಅನ್ನಕುಟ್ಟಿ ಇರುವ ದೆಹಲಿಗೆ ಹೊರಡುವವಳಿದ್ದೆ. ಅಲ್ಲಿ ನನಗೆ ಟೈಪಿಂಗ್ ಕೆಲಸ ಹೇಳಿಟ್ಟಿದ್ದಾರೆ. ಪುತ್ತೂರು ಸಾಕು ಎಂದು ಎಷ್ಟೋ ಸಲ ಅನಿಸಿತ್ತು. ಈಗ ಹೊರಡುವುದನ್ನು ನಿಲ್ಲಿಸಿದ್ದೇನೆ. ಕರೆದಾಗ ಬರುತ್ತೇನೆ. ನನ್ನ ಮಾತು ಒಂದು ಸ್ವರವನ್ನು ಕೇಳಿದವಳ ಮಾತು ಮಾತ್ರ, ಕಣ್ಣಲ್ಲಿ ನೋಡಿದ್ದಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಆ ಸ್ವರ ಈಗ ನನ್ನ ಕಿವಿಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಇಲ್ಲ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದ್ದರಲ್ಲಿ ಏನೂ ಬಿಟ್ಟುಹೋಗಿಲ್ಲ, ಹೇಳದ್ದು ಏನೂ ಸೇರಿಲ್ಲ, ಎಲ್ಲವೂ ನಿಜ.

ಸ್ಥಳ: ಪುತ್ತೂರು
ದಿನಾಂಕ: 9-3-1984
ರುಜು: ರಾಹೇಲ್

ರುಜು ಹಾಕಿದ ಮೇಲೆ ಹೇಳಿ ಸೇರಿಸಿದ್ದು: ಕೂಸಪ್ಪನವರನ್ನು ಫೋನಿನ ಹತ್ತಿರ ತರಲು ಆಗುವುದಿಲ್ಲ. ಬೆಳಿಗ್ಗೆ ಡಾಕ್ಟರು ನೋಡಿ ಹೋದ ಮೇಲೆ, ಪೊಲೀಸಿನವರು ಕೇಳಬೇಕಾದ್ದನ್ನು ಫೋನಿನಲ್ಲಿ ಹೇಳಿದರೆ, ತಾನೇ ಹಾಸಿಗೆಯ ಹತ್ತಿರ ಹೋಗಿ ಕೇಳಿ ಬಂದು ಅವರ ಮಾತಿನಲ್ಲಿಯೇ ಹೇಳುತ್ತೇನೆ ಎಂದು, ದೇವಮ್ಮನವರನ್ನು ಫೋನಿಗೆ ಕರೆಯುವ ಮೊದಲೇ ಸಿಸ್ಟರ್ ಅಚ್ಚಾಮ್ಮ ಒಪ್ಪಿದ್ದಾರೆ. ಠಾಣೆಯಿಂದ ಕಾಲ್ ಬುಕ್ ಮಾಡಬೇಕಾದ ಹೊತ್ತು, ನಾಳೆ ಬೆಳಿಗ್ಗೆ ಎಂಟೂವರೆ.