ಕಿಟಕಿ ಸೀಟು

ಸಾಗರದ ಬಸ್ ನಿಲ್ದಾಣದಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಮೂವತ್ತು ದಾಟಿದ ಅಕ್ಕ ಮತ್ತು ತಮ್ಮ ಜೋಗದ ಬಸ್ಸಿಗೆ ಕಾಯುತ್ತಿದ್ದರು. ತಮ್ಮನಾದವನು ಮೊಬೈಲಿನಲ್ಲಿ ಹಳೆಯ ಕಾರ್ ರೇಸಿನ ಆಟ ಆಡುತ್ತಿದ್ದ.

"ಭಾವನಕ್ಕ, ನೋಡು, ನಮ್ಮ ಕಂಪ್ಯೂಟರಲ್ಲಿದ್ದ ಅದೇ ಕೆಂಪು ಕಾರು."

"ಈಗ್ಲೂ ತಿರುವಲ್ಲಿ ಗೋಡೆಗೇ ಗುದ್ತೀಯಲ್ಲೋ."

"ಆಗ ಒಂದ್ಸಲನೂ ಗೆಲ್ಲಕ್ಕಾಗ್ಲಿಲ್ಲ. ನಾನು ಮುಂದೆ ಬಂದಾಗ್ಲೇ ಕರೆಂಟ್ ಹೋಗ್ತಿತ್ತು."

"ಹ್ಞೂಂ."

"ಗೆದ್ದೋರಿಗೆ ಬಸ್ಸಲ್ಲಿ ಕಿಟಕಿ ಸೀಟು. ಆಟ ಅರ್ಧಕ್ಕೆ ನಿಂತ್ರೆ, ದೊಡ್ಡೋಳು ಅಂತ ನಿಂಗೆ."

"ಆತ್ರೇಯ, ಅಪ್ಪ ಎಲ್ಲಿ ಕೆಲಸಕ್ಕಿದ್ರು?"

"ಜೋಗದ ಪವರ್ ಹೌಸಲ್ಲಿ. ಯಾಕೆ?"

"ನಮ್ಮ ಕ್ವಾರ್ಟರ್ಸಲ್ಲಿ ಬೇರೆ ಯಾವಾಗಾದ್ರೂ ಕರೆಂಟ್ ಹೋಗಿದ್ದು ನೆನಪಿದ್ಯಾ?"

ಅವನ ಬೆರಳು ನಿಂತಿತು. ಕಾರು ಮತ್ತೆ ಗೋಡೆಗೆ ಗುದ್ದಿತು.

"ಕಂಪ್ಯೂಟರಿನ ಸ್ವಿಚ್ಚು ನನ್ನ ಕಾಲ ಹತ್ರ ಇತ್ತು ಮಾರಾಯ."

"ಎಷ್ಟು ಸಲ?"

"ಎಲ್ಲಾ ಸಲನೂ."

"ಹಾಗಾದ್ರೆ ಅಷ್ಟು ವರ್ಷ ನನ್ನ ಕಿಟಕೀಲಿ ಕೂತಿದ್ದೆ ನೀನು."

"ಗಾಳಿ ಚೆನ್ನಾಗಿ ಬರ್ತಿತ್ತು."

ಜೋಗದ ಬಸ್ಸು ಬಂತು. ಬಾಗಿಲ ಬಳಿ ಅಕ್ಕ ಪಕ್ಕಕ್ಕೆ ಸರಿದು ಅವನನ್ನು ಮೊದಲು ಹತ್ತಲು ಬಿಟ್ಟಳು. ಬಸ್ಸು ಹೊರಡುವಾಗ ಅವನು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಮೊಬೈಲು ಅವಳ ಕೈಯಲ್ಲಿತ್ತು.