ನೇರಳೆ ಶಾಲು

ಇಟಲಿಯ ಅಂಕೋನಾದ ಸಿಟಿ ಬಸ್ಸಿನಲ್ಲಿ ಗಿಟಾರು ತಬ್ಬಿ ಕೂತಿದ್ದ ಹುಡುಗಿಗೆ ಅವಳಜ್ಜಿ ನೇರಳೆ ಶಾಲು ಹೊದಿಸಿದ್ದು ಕಂಡು, ಹಿಂದಿನ ಸೀಟಿನಲ್ಲಿದ್ದ ಅಪರಿಚಿತ ಪ್ರಯಾಣಿಕಳು ಓರ್ನೆಲ್ಲಾ ಸದ್ದಿಲ್ಲದೆ ಕಬ್ಬಿಣದ ಕಂಬಿ ಮುಟ್ಟಿದಳು, ಕೇಡು ತಟ್ಟದಿರಲಿ ಅಂತ.

"ಬೇಡ ಅಜ್ಜಿ. ಸ್ಟೇಜಿಗೆ ನೇರಳೆ ಅಪಶಕುನ."

"ನಾಲ್ಕು ತಿಂಗಳು ಹೆಣೆದೀನಿ ಕಣೇ ಇರ್ಮಾ."

"ಇಷ್ಟು ದಿನ ಬಾರಲ್ಲಿ ಹಾಡ್ತಿದ್ದೆ. ಥಿಯೇಟರು ಇದೇ ಮೊದಲು. ಈಗಲೇ ಮೊದಲ ಸಾಲು ನೆನಪಾಗ್ತಿಲ್ಲ."

"ನೀನೇ ಬರೆದ ಹಾಡಲ್ವೇನೆ?"

"ಅದಕ್ಕೇ ಭಯ. ಜನಕ್ಕೆ ಹಿಡಿಸದಿದ್ರೆ ತಪ್ಪು ಯಾರ ಮೇಲೆ ಹಾಕಲಿ?"

"ಈ ಶಕುನ ಯಾಕೆ ಬಂತು ಗೊತ್ತಾ? ಈಸ್ಟರಿಗೆ ಮುಂಚೆ ನಲವತ್ತು ದಿನ ಚರ್ಚಲ್ಲೆಲ್ಲ ನೇರಳೆ ಬಟ್ಟೆ. ಹಿಂದೆಲ್ಲ ಆಗ ನಾಟಕ ಬಂದ್, ಆಡೋರ ಹೊಟ್ಟೆಗೆ ಹಿಟ್ಟಿಲ್ಲ. ನೀನು ಒಂಬತ್ತು ವರ್ಷ ಅರೆಹೊಟ್ಟೇಲಿ ಪಿಜ್ಜಾ ಬಡಿಸ್ಕೊಂಡು ಹಾಡಿದೀಯ. ಅದಕ್ಕಿಂತ ಇನ್ನೇನು ಉಪವಾಸ ಕೆಡವುತ್ತೆ ಈ ಶಾಲು?"

ಇರ್ಮಾ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಹೊದ್ಕೊಂಡೇ ಹಾಡ್ತೀನಿ. ನೀನು ಮುಂದೆ ಕೂರಬೇಕು."

"ಕೂರ್ತೀನಿ. ಶಕುನಗಿಕುನ ಎಲ್ಲ ಹೆದರುಪುಕ್ಕಲರಿಗೆ."

ಥಿಯೇಟರಿನ ಸ್ಟಾಪು ಬಂತು. ಇರ್ಮಾ ಇಳಿದಳು. ಅವಳ ಹಿಂದೆ ಇಳಿಯಬೇಕಿದ್ದ ಅಜ್ಜಿ ಬಾಗಿಲ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಡ್ರೈವರು ಎರಡು ಸಲ "ಇಳೀರಜ್ಜಿ" ಅಂದ ಮೇಲೇ ಬಿಟ್ಟಿದ್ದು.